ಲಿನಕ್ಸ್‌ನಲ್ಲಿ ಜಿಟಿಎಕ್ಸ್ 1060ಕ್ಕೆ ಓಪನ್ ಸೋರ್ಸ್ ಡ್ರೈವರ್ ಸಾಕಾಗುತ್ತಾ?

ನೀವು ಕೇಳಿದ್ದು ಇಷ್ಟು: ಹೊಸದಾಗಿ ಲಿನಕ್ಸ್ ಹಾಕಿದ್ದೀರಿ, ಗ್ರಾಫಿಕ್ಸ್ ಕಾರ್ಡ್ ಎನ್‌ವಿಡಿಯಾದ ಜಿಟಿಎಕ್ಸ್ 1060, ತಾನಾಗೇ ಬಂದ ನೂವೋ ಡ್ರೈವರ್‌ನಲ್ಲಿ (ಎನ್‌ವಿಡಿಯಾ ಕಾರ್ಡ್‌ಗಳಿಗಿರುವ, ಕೋಡ್ ಎಲ್ಲರಿಗೂ ತೆರೆದಿರುವ ಓಪನ್ ಸೋರ್ಸ್ ಡ್ರೈವರ್) ಗೇಮ್ ತೆವಳುತ್ತಿದೆ. ಆದರೂ ಓಪನ್ ಸೋರ್ಸ್‌ನಲ್ಲೇ ಇರುವ ಆಸೆ.

ಈ ಕಾರ್ಡ್‌ಗಾದರೆ ಎನ್‌ವಿಡಿಯಾದ ಸ್ವಂತ ಡ್ರೈವರ್ ಹಾಕಿಕೊಳ್ಳಿ. ನಾನೂ ಓಪನ್ ಸೋರ್ಸ್ ಕಡೆಯವನೇ, ಆದರೂ ಇದನ್ನೇ ಹೇಳುತ್ತೇನೆ.

ನೂವೋ ಬರೆದವರ ತಪ್ಪೇನೂ ಇಲ್ಲಿಲ್ಲ. ಆನ್ ಆದಾಗ ಕಾರ್ಡ್ ಕಡಿಮೆ ಕ್ಲಾಕ್‌ನಲ್ಲಿ, ಅಂದರೆ ಕಡಿಮೆ ವೇಗದಲ್ಲಿ ಇರುತ್ತದೆ. ಕೆಲಸ ಬಿದ್ದಾಗ ಡ್ರೈವರ್ ಅದನ್ನು ಏರಿಸಬೇಕು. ಜಿಟಿಎಕ್ಸ್ 900 ಸರಣಿಯಿಂದ ಈಚೆಗೆ ಅದಕ್ಕೆ ಬೇಕಾದ ಫರ್ಮ್‌ವೇರ್‌ಗೆ (ಕಾರ್ಡ್ ಒಳಗೇ ಓಡುವ ಪುಟ್ಟ ಸಾಫ್ಟ್‌ವೇರ್) ಕಂಪನಿಯ ಡಿಜಿಟಲ್ ಸಹಿ ಇರಲೇಬೇಕು. 1060ಕ್ಕೆ ಅಂಥ ಫರ್ಮ್‌ವೇರ್ ನೂವೋ ಕೈಗೆ ಸಿಗಲೇ ಇಲ್ಲ. ಒಳ್ಳೆ ಬೈಕನ್ನು ಇಡೀ ದಿನ ಒಂದನೇ ಗೇರಿನಲ್ಲಿ ಓಡಿಸಿದ ಹಾಗೆ.

2022ರ ಮೇ ತಿಂಗಳಲ್ಲಿ 'ಎನ್‌ವಿಡಿಯಾ ಓಪನ್ ಸೋರ್ಸ್ ಆಯ್ತು' ಅಂತ ಸುದ್ದಿ ಓಡಾಡಿತ್ತು, ನೆನಪಿದೆಯಾ? ತೆರೆದದ್ದು ಕರ್ನಲ್, ಅಂದರೆ ಲಿನಕ್ಸ್‌ನ ತಿರುಳಿನ ಒಳಗೆ ಕೂರುವ ಭಾಗ ಮಾತ್ರ. ಅದರ ಮೇಲಿರುವ ಕಂಪನಿಯ ಓಪನ್‌ಜಿಎಲ್, ವಲ್ಕನ್ (ಗೇಮ್‌ಗಳು ಚಿತ್ರ ಬಿಡಿಸಲು ಬಳಸುವ ಭಾಗಗಳು), ಕೂಡಾ (CUDA, ಕಾರ್ಡ್‌ನಲ್ಲಿ ಲೆಕ್ಕಾಚಾರ ಮಾಡಿಸುವ ಎನ್‌ವಿಡಿಯಾದ ವ್ಯವಸ್ಥೆ) ಎಲ್ಲ ಮುಚ್ಚಿದ್ದೇ. ಅದೂ ಜಿಟಿಎಕ್ಸ್ 16, ಆರ್‌ಟಿಎಕ್ಸ್ 20 ಸರಣಿಗಳಿಂದ ಈಚಿನ ಕಾರ್ಡ್‌ಗಳಿಗೆ, ನಿಮ್ಮ 1060 ಅವಕ್ಕಿಂತ ಹಳೆಯದು. ಯಾಕೆಂದರೆ ಆ ಈಚಿನ ಕಾರ್ಡ್‌ಗಳಲ್ಲಿ ಜಿಎಸ್‌ಪಿ ಅನ್ನುವ ಪುಟ್ಟ ಪ್ರೊಸೆಸರ್ ಇದೆ, ಗುಟ್ಟಿನ ಕೆಲಸವೆಲ್ಲ ಅದರ ಫರ್ಮ್‌ವೇರ್ ಒಳಗೆ ಹೋಗಿ ಕೂತಿದೆ. ಮನೆ ಬಾಗಿಲು ತೆಗೆದು ಬೀರುವಿಗೆ ಬೀಗ ಹಾಕಿದಂತೆ, ಅಲ್ವಾ? ಆದರೂ ಲಾಭ ಇದೆ. ಅದೇ ಜಿಎಸ್‌ಪಿ ಮೂಲಕ ನೂವೋ ಕೂಡ ಕ್ಲಾಕ್ ಏರಿಸಬಹುದು, ಅದರ ಮೇಲೆ ಮೆಸಾದ (ಲಿನಕ್ಸ್‌ನ ಓಪನ್ ಸೋರ್ಸ್ ಗ್ರಾಫಿಕ್ಸ್ ಡ್ರೈವರ್‌ಗಳ ಯೋಜನೆ) ಎನ್‌ವಿಕೆ ಅನ್ನುವ ವಲ್ಕನ್ ಡ್ರೈವರ್ ಓಡುತ್ತದೆ. ನಿಮ್ಮದು ಆರ್‌ಟಿಎಕ್ಸ್ ಕಾರ್ಡ್ ಆಗಿದ್ದರೆ 'ಮೊದಲು ಎನ್‌ವಿಕೆ ನೋಡಿ' ಅನ್ನುತ್ತಿದ್ದೆ.

ಡ್ರೈವರನ್ನು ವೆಬ್‌ಸೈಟಿನಿಂದ ಇಳಿಸಬೇಡಿ, ನಿಮ್ಮ ಡಿಸ್ಟ್ರೋದ (ನೀವು ಹಾಕಿಕೊಂಡ ಲಿನಕ್ಸ್ ಆವೃತ್ತಿ, ಉಬುಂಟು, ಫೆಡೋರಾ ಥರ) ಪ್ಯಾಕೇಜನ್ನೇ ಹಾಕಿ. ಕರ್ನಲ್ ಬದಲಾದಾಗಲೆಲ್ಲ ಡ್ರೈವರ್‌ನ ಮಾಡ್ಯೂಲ್ (ಕರ್ನಲ್ ಒಳಗೆ ಕೂರುವ ಭಾಗ) ಕೂಡ ಹೊಸ ಕರ್ನಲ್‌ಗೆ ತಕ್ಕಂತೆ ಬಿಲ್ಡ್ ಆಗಿರಬೇಕು. ಒಮ್ಮೆ ನಾನು ಆ ಬಿಲ್ಡ್‌ಗೆ ಬೇಕಾದ ಕರ್ನಲ್ ಹೆಡರ್ ಪ್ಯಾಕೇಜ್ ಇದೆಯಾ ಅಂತಲೂ ನೋಡದೆ ಅಪ್‌ಡೇಟ್ ಒತ್ತಿ ಮಲಗಿಬಿಟ್ಟೆ. ಬೆಳಿಗ್ಗೆ ನೋಡಿದರೆ ಕಪ್ಪು ಪರದೆ, ಎಡಮೂಲೆಯಲ್ಲಿ ಮಿಣಮಿಣ ಅನ್ನುವ ಒಂದು ಗೆರೆ. ತಪ್ಪು ನನ್ನದೇ. ಬೂಟ್ ಮೆನುವಿನಲ್ಲಿ ಹಳೆ ಕರ್ನಲ್ ಆರಿಸಿ ಒಳಗೆ ಹೋಗಿ ಹೆಡರ್ ಹಾಕಿದ ಮೇಲೆ ಸರಿಹೋಯಿತು. ಆ ಹಳೆ ಕರ್ನಲ್ ಒಂದನ್ನು ಅಳಿಸದೆ ಇಟ್ಟುಕೊಳ್ಳಿ. ಸೆಕ್ಯೂರ್ ಬೂಟ್ (ಸಹಿ ಇಲ್ಲದ ಕೋಡನ್ನು ತಡೆಯುವ ವ್ಯವಸ್ಥೆ) ಆನ್ ಇದ್ದರೆ ಮಾಡ್ಯೂಲ್‌ಗೂ ಸಹಿ ಬೇಕು. ಇನ್‌ಸ್ಟಾಲ್ ಆಗುವಾಗ ಅದಕ್ಕಾಗಿ ಪಾಸ್‌ವರ್ಡ್ ಕೇಳಿದರೆ ಸುಮ್ನೆ ದಾಟಿಸಬೇಡಿ.

ಇನ್ನು ಬೇಜಾರಿನ ಸಂಗತಿ. 1060ಕ್ಕೆ 580 ಸರಣಿಯ ಡ್ರೈವರೇ ಕೊನೆ, ಆಮೇಲಿನವು ಈ ಕಾರ್ಡನ್ನು ಗುರುತಿಸುವುದಿಲ್ಲ. ಚಿಪ್ ಗಟ್ಟಿಯಾಗಿದ್ದರೂ ಅದರ ಆಯಸ್ಸು ಕಂಪನಿ ಕೈಯಲ್ಲಿ. ಅದೇ 2012ರ ಎಎಂಡಿ ಕಾರ್ಡ್ ರೇಡಿಯಾನ್ ಎಚ್‌ಡಿ 7970 ನೋಡಿ, ಮೆಸಾದಲ್ಲಿ ಅದಕ್ಕೆ ಇನ್ನೂ ಜಾಗ ಇದೆ. ಹಾಗಾಗಿ ಮುಂದಿನ ಸಲ ಕಾರ್ಡ್ ಕೊಳ್ಳುವಾಗ ಎಎಂಡಿ ಅಥವಾ ಇಂಟೆಲ್ ನೋಡಿ. ಡ್ರೈವರ್ ಕರ್ನಲ್ ಜೊತೆಗೇ ಬರುತ್ತದೆ. ಎನ್‌ವಿಡಿಯಾದ ಕೂಡಾ (CUDA) ಬೇಕೇ ಬೇಕು ಅನ್ನುವವರಿಗೆ ಮಾತ್ರ ಆ ದಾರಿ ಇಲ್ಲ.

ಎಎಂಡಿಯಲ್ಲೂ ಫರ್ಮ್‌ವೇರ್ ಮುಚ್ಚಿದ್ದೇ ಅನ್ನಿ. ಜೊತೆಗೆ, ಎಚ್‌ಡಿಎಂಐ 2.1ಅನ್ನು (ಜಾಸ್ತಿ ರಿಫ್ರೆಶ್ ರೇಟಿನ 4ಕೆಗೆ ಬೇಕಾದ ಆವೃತ್ತಿ) ತನ್ನ ಓಪನ್ ಡ್ರೈವರ್‌ಗೆ ಸೇರಿಸಲು ಎಎಂಡಿ ಹೊರಟಾಗ 2024ರಲ್ಲಿ ಆ ಮಾನಕದ ಒಡೆತನದ ಎಚ್‌ಡಿಎಂಐ ಫೋರಮ್ ಒಪ್ಪಲಿಲ್ಲ. ಜಾಸ್ತಿ ರಿಫ್ರೆಶ್ ರೇಟಿನ 4ಕೆ ಮಾನಿಟರ್ ಇದ್ದರೆ ಡಿಸ್‌ಪ್ಲೇಪೋರ್ಟ್ ಕೇಬಲ್ಲನ್ನೇ ಚುಚ್ಚಿ.