ಕುಮಟಾನೋ ಹೊನ್ನಾವರವೋ? ಮೊದಲು ಮೇ ತಿಂಗಳಲ್ಲಿ ಬಾವಿ ನೋಡಿ

ಬೆಂಗಳೂರಿನ ಕೆಲಸ ಮುಗಿಸಿ ಕರಾವಳಿಗೆ ಬರಬೇಕೆಂದಿದ್ದೇವೆ, ನಾವಿಬ್ಬರು, ಜೊತೆಗೆ 80ರ ಹತ್ತಿರದ ಅಮ್ಮ, ಮಗಳು ಹುಬ್ಬಳ್ಳಿಯಲ್ಲಿ, ಕಾರು ಓಡಿಸುವುದು ಸಾಕಾಗಿದೆ, ಕುಮಟಾದಲ್ಲಿ ಇರುವುದೋ ಹೊನ್ನಾವರದಲ್ಲೋ ಎಂದು ಕೇಳಿದ್ದೀರಿ.

ನಾನು ಶಿರಸಿ ಕಡೆಯವನು. ಕುಮಟಾದಲ್ಲಿ ಆರು ವರ್ಷ ಬಾಡಿಗೆಗಿದ್ದೆ. ಈಗ ಐದು ವರ್ಷದಿಂದ ಹೊನ್ನಾವರದಲ್ಲಿದ್ದೇನೆ. ಎರಡಕ್ಕೂ ನಡುವೆ ಸುಮಾರು 20 ಕಿ.ಮೀ. ಟೆಂಪೋ ಹತ್ತಿದರೆ ಅರ್ಧ ಗಂಟೆ ಚಿಲ್ಲರೆ. ಅದೇ 66ನೇ ಹೆದ್ದಾರಿ, ಅದೇ ಕೊಂಕಣ ರೈಲು, ಅದೇ ಬೆವರು. ಆದರೂ ಇಲ್ಲಿಂದ ಅಲ್ಲಿಗೆ ಮನೆ ಬದಲಿಸಿದಾಗ ನನ್ನ ದಿನಚರಿಯೇ ಬದಲಾಯಿತು.

ಮೊದಲು ಒಂದು ನಿರಾಸೆಯ ಮಾತು. ಎರಡೂ ಊರಿನ ಪೇಟೆಯಲ್ಲಿ ನಿಂತರೆ ಸಮುದ್ರ ಕಾಣುವುದಿಲ್ಲ. ಕುಮಟಾ ಬಸ್ ಸ್ಟ್ಯಾಂಡಿನಿಂದ ವನ್ನಳ್ಳಿ ಕಡಲಿಗೆ ಆಟೋ ಹಿಡಿಯಬೇಕು. ಹೊನ್ನಾವರ ಪೇಟೆ ಇರುವುದು ಶರಾವತಿಯ ದಡದಲ್ಲಿ. ಕಡಲು ಬೇಕೆಂದರೆ ಸೇತುವೆ ದಾಟಿ ಕಾಸರಕೋಡಕ್ಕೆ ಹೋಗಬೇಕು. ಚೊಕ್ಕಟ, ಸುರಕ್ಷಿತ ಬೀಚಿಗೆ ಕೊಡುವ ಅಂತರರಾಷ್ಟ್ರೀಯ ಮನ್ನಣೆ ಬ್ಲೂ ಫ್ಲ್ಯಾಗ್ 2020ರಲ್ಲಿ ಸಿಕ್ಕಿದ್ದು ಅಲ್ಲಿನ ಬೀಚಿಗೆ. ಚೊಕ್ಕಟವಾಗಿದೆ, ಭಾನುವಾರ ಮಾತ್ರ ಜನ ಜಾಸ್ತಿ. ಕಿಟಕಿ ತೆಗೆದರೆ ಅಲೆ ಕಾಣಬೇಕು ಅಂತಿದ್ದರೆ ಪೇಟೆ ಬಿಟ್ಟು ಹಳ್ಳಿಯಲ್ಲಿ ಮನೆ ಹುಡುಕಬೇಕು. ಅದರ ಕಥೆ ಆಮೇಲೆ ಹೇಳುತ್ತೇನೆ.

ಕುಮಟಾ ಅಂದರೆ ಪೇಟೆ. ಹತ್ತೊಂಬತ್ತನೇ ಶತಮಾನದಲ್ಲಿ ಹುಬ್ಬಳ್ಳಿ, ಧಾರವಾಡದ ಹತ್ತಿ ಘಟ್ಟ ಇಳಿದು ಬಂದು ಹಡಗು ಹತ್ತುತ್ತಿದ್ದುದು ಇಲ್ಲಿಂದಲೇ. ಬೆಳೆದದ್ದು ಬಯಲುಸೀಮೆಯಲ್ಲಾದರೂ ಆ ಹತ್ತಿಗೆ ‘ಕುಮಟಾ ಹತ್ತಿ’ ಎಂದೇ ಹೆಸರು ಬಿತ್ತು. ಹಡಗು ನಿಂತು ಎಷ್ಟೋ ಕಾಲವಾಯಿತು, ವ್ಯಾಪಾರದ ಗುಣ ಊರಿನಿಂದ ಹೋಗಿಲ್ಲ. ಮಾತ್ರೆ, ಕನ್ನಡಕ, ಬ್ಯಾಂಕು, ಮಿಕ್ಸಿ ರಿಪೇರಿ ಎಲ್ಲ ನಡಿಗೆಯ ದೂರದಲ್ಲಿ. ಇಲ್ಲಿನ ಹಾಲಕ್ಕಿ ಸಮುದಾಯದ ಹೆಂಗಸರು ಬುಟ್ಟಿಯಲ್ಲಿ ಹರಿವೆ, ಬಸಳೆ, ಮೊಗೆಕಾಯಿ ತಂದು ರಸ್ತೆ ಬದಿ ಕೂರುತ್ತಾರೆ. ‘ತಕಂಡು ಹೋಗಿ ಒಡೆಯಾ, ನಮ್ಮನೆ ಹಿತ್ಲದ್ದೇಯ’ ಅನ್ನುತ್ತಾರೆ. ಚೌಕಾಸಿ ಮಾಡಲು ಮನಸ್ಸೇ ಬರುವುದಿಲ್ಲ. ನನ್ನ ಹೆಂಡತಿಗೆ ಈಗಲೂ ಹೊನ್ನಾವರದ ತರಕಾರಿ ಹಿಡಿಸಿಲ್ಲ. ವಾರಕ್ಕೊಮ್ಮೆ ಚೀಲ ಹಿಡಿದು ಕುಮಟಾಕ್ಕೆ ಹೊರಡುತ್ತಾಳೆ.

ಹಾಗಾದರೆ ನೀವ್ಯಾಕೆ ಬಿಟ್ಟಿರಿ ಅಂತ ಕೇಳುತ್ತೀರಿ, ಅಲ್ವಾ?

ಬಾವಿಯಿಂದ ಶುರುವಾಯಿತು. ಕುಮಟಾದಲ್ಲಿ ಮೊದಲ ಮೂರು ವರ್ಷ ಪೇಟೆಯೊಳಗಿದ್ದೆ. ಆಮೇಲೆ ಕಡಲಿನ ಆಸೆಗೆ ದಂಡೆಯ ಕಡೆ ಒಂದು ಮನೆ ಹಿಡಿದೆ. ಚಿರೆಕಲ್ಲಿನ ಗೋಡೆ, ಹೆಂಚಿನ ಮಾಡು, ತೆಂಗಿನ ಮರದ ಸಂದಿಯಲ್ಲಿ ನೀಲಿ ಗೆರೆ. ನೋಡಲು ಹೋದದ್ದು ಆಗಸ್ಟಿನಲ್ಲಿ. ಬಾವಿ ಬಾಯಿಮಟ್ಟ ತುಂಬಿತ್ತು, ಬಗ್ಗಿ ಚೊಂಬಿನಲ್ಲಿ ಮೊಗೆಯಬಹುದಿತ್ತು. ಕುಡಿದು ನೋಡಿದೆ, ಸಿಹಿ. ಮಾರ್ಚಿನಲ್ಲಿ ಚಹಾ ಒಡೆಯಲು ಶುರುವಾಯಿತು. ಹಾಲು ಕೆಟ್ಟಿದೆ ಅಂತ ಹಾಲು ತರುವವನನ್ನು ನಾಲ್ಕು ದಿನ ಬೈದೆವು, ಪಾಪ. ಏಪ್ರಿಲಿಗೆ ಬೇಳೆ ಬೇಯುವುದು ನಿಂತಿತು, ಸೋಪು ನೊರೆ ಬಿಡಲಿಲ್ಲ. ಉಪ್ಪು ನೀರು ಒಳಗೆ ಬಂದಿತ್ತು. ಅಕ್ಕಪಕ್ಕದವರಿಗೆಲ್ಲ ಗೊತ್ತಿದ್ದ ವಿಷಯ, ನಾವು ಕೇಳಿರಲಿಲ್ಲ ಅಷ್ಟೆ. ಮಳೆ ಬೀಳುವವರೆಗೆ ಕ್ಯಾನ್ ನೀರು. ಮನೆ ಮಾಲೀಕರನ್ನು ಕೇಳಿದರೆ ‘ಬೇಸಿಗೇಲಿ ಎಲ್ಲಾ ಕಡೆ ಹಾಂಗೇ ಮಾರಾಯ್ರೇ’ ಅಂದರು. ಎಲ್ಲಾ ಕಡೆ ಹಾಗಿಲ್ಲ. ಹೆದ್ದಾರಿಯ ಮೂಡು ಬದಿಗೆ, ಗುಡ್ಡದ ಬುಡದಲ್ಲಿ, ಮೇ ಕೊನೆಗೂ ಸಿಹಿನೀರಿನ ಬಾವಿಗಳಿವೆ. ಎರಡೂ ಊರಿಗೆ ಈ ಮಾತು ಸಮ.

ಹಾಗೆ ಬೇರೆ ಮನೆ ಹುಡುಕುವಾಗ ಸ್ನೇಹಿತರೊಬ್ಬರು ಹೊನ್ನಾವರದಲ್ಲಿ ಒಂದು ತೋರಿಸಿದರು. ಸಂಜೆ ಹೊಳೆ ದಂಡೆಗೆ ಕರೆದುಕೊಂಡು ಹೋದರು. ಹೊಳೆ ಕಡಲು ಸೇರುವ ಅಳಿವೆಯಿಂದ ದೋಣಿಗಳು ಸಾಲಾಗಿ ಒಳಗೆ ಬರುತ್ತಿದ್ದವು. ಅಳಿವೆಯಲ್ಲಿ ಹೂಳು ತುಂಬಿದೆ, ದೋಣಿ ಮರಳಿಗೆ ತಾಗಿ ಮಗುಚಿದ್ದೂ ಉಂಟು. ಹಾಗಾಗಿ ಭರತಕ್ಕೆ, ಅಂದರೆ ಕಡಲ ನೀರು ಏರುವುದಕ್ಕೆ ಕಾದು, ಒಬ್ಬರ ಹಿಂದೆ ಒಬ್ಬರು ಬರುತ್ತಾರೆ. ಆಚೆ ರೈಲ್ವೆ ಸೇತುವೆ, ಎರಡು ಕಿ.ಮೀ.ಗಿಂತ ಉದ್ದ. ಅದರ ಮೇಲೆ ರೈಲೊಂದು ಮುಗಿಯುವುದೇ ಇಲ್ಲವೇನೋ ಅನ್ನುವ ಹಾಗೆ ಹೋಯಿತು. ಅಲ್ಲೇ ಅಡ್ವಾನ್ಸ್ ಕೊಟ್ಟೆ. ಮನೆ ಸರಿಯಾಗಿ ನೋಡಿರಲೂ ಇಲ್ಲ. ಇದು ಬುದ್ಧಿವಂತಿಕೆ ಅಂತ ಹೇಳುತ್ತಿಲ್ಲ.

ಹೊನ್ನಾವರ ಸಣ್ಣದು, ಸಾವಧಾನದ್ದು. ಗಾಡಿ ನೋಂದಣಿಯ ಆಫೀಸು ಇಲ್ಲಿದೆ, ಕೆಎ 47 ಅಂದರೆ ನಾವೇ. ಹದಿನಾಲ್ಕನೇ ಶತಮಾನದಲ್ಲಿ ಬಂದ ಮೊರೊಕ್ಕೊದ ಪ್ರವಾಸಿ ಇಬ್ನ್ ಬತೂತ ಇಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆ ಕಂಡೆ ಅಂತ ಬರೆದಿದ್ದಾನೆ. ನೀವು ಬಂದು ಒಂದು ವಾರದೊಳಗೆ ಯಾರಾದರೊಬ್ಬರು ಇದನ್ನು ನಿಮಗೆ ಹೇಳಿಯೇ ಹೇಳುತ್ತಾರೆ. ಯಕ್ಷಗಾನದ ಹುಚ್ಚಿದ್ದರೆ ಕೆರೆಮನೆ ಮೇಳದವರ ಊರು ಗುಣವಂತೆ ಇದೇ ತಾಲೂಕು. ಕಾಸರಕೋಡದ ಟೊಂಕ ಎಂಬಲ್ಲಿ ಮಾತ್ರ ಜಾಗ ಕೊಳ್ಳಲು ಹೋಗಬೇಡಿ. ಅಲ್ಲಿ ಖಾಸಗಿ ಬಂದರು ಯೋಜನೆಗೆ ಮೀನುಗಾರರ ವಿರೋಧ ವರ್ಷಗಳಿಂದ ನಡೆದಿದೆ.

ಈಗ ಅಮ್ಮನ ವಿಷಯ. ನಿರ್ಧಾರ ಆಗಬೇಕಾದ್ದು ಇಲ್ಲೇ. ಜ್ವರ, ಬಿಪಿ, ಹಲ್ಲುನೋವಿಗೆ ಎರಡೂ ಕಡೆ ಡಾಕ್ಟರಿದ್ದಾರೆ. ದೊಡ್ಡದೇನಾದರೂ ಬಂದರೆ ಮಣಿಪಾಲ. ನಮ್ಮ ಉತ್ತರ ಕನ್ನಡ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಜನ ಕೇಳುತ್ತಲೇ ಇದ್ದಾರೆ. ಹೊನ್ನಾವರದಿಂದ ಮಣಿಪಾಲಕ್ಕೆ ಎರಡು ಗಂಟೆ ಮೇಲಾಗುತ್ತದೆ. ಕುಮಟಾದಿಂದ ಅದಕ್ಕೆ ಇನ್ನರ್ಧ ಗಂಟೆ ಸೇರಿಸಿ. ಅಮ್ಮನಿಗೆ ಹೃದಯದ ತೊಂದರೆ ಇದ್ದರೆ ಆ ಅರ್ಧ ಗಂಟೆಗಾಗಿಯೇ ಹೊನ್ನಾವರ ಅನ್ನುತ್ತೇನೆ.

ಹಾಗೇನಿಲ್ಲ, ವಯಸ್ಸಷ್ಟೇ ಅಂದರೆ ಕುಮಟಾ. ಪೇಟೆಯೊಳಗೆ, ದೇವಸ್ಥಾನಕ್ಕೂ ಅಂಗಡಿಗೂ ನಡೆದು ಹೋಗುವ ಹಾಗೆ. ಮಗಳು ಹುಬ್ಬಳ್ಳಿಯಲ್ಲಿರುವುದರಿಂದಲೂ ಅದೇ ಸರಿ. ದೇವಿಮನೆ ಘಟ್ಟ ಹತ್ತಿ ಶಿರಸಿ ಮೇಲೆ ಹೋದರೆ 160 ಕಿ.ಮೀ. ಆಸುಪಾಸು. ಮಳೆಗಾಲದಲ್ಲಿ ಘಟ್ಟ ಕುಸಿದರೆ ಅಂಕೋಲಾ, ಯಲ್ಲಾಪುರದ ದಾರಿ ಇದೆ. ಆದರೆ ಕುಮಟಾ ಮತ್ತು ಅಂಕೋಲಾದ ನಡುವೆ ಶಿರೂರು ಬರುತ್ತದೆ. 2024ರ ಜುಲೈ 16ರಂದು ಗುಡ್ಡ ಜರಿದು ಹೆದ್ದಾರಿ ಮುಚ್ಚಿಹೋದದ್ದು ಅಲ್ಲೇ. ಜುಲೈನಲ್ಲಿ ಮಗಳು ಬರುತ್ತೇನೆ ಅಂದರೆ ಮಳೆ ನೋಡಿಕೊಂಡು ಬಾ ಅನ್ನಿ. ಬೆಂಗಳೂರಿನ ನಂಟು ಜಾಸ್ತಿ ಇದ್ದಿದ್ದರೆ ಬೇರೆ ಮಾತು. ಗೇರುಸೊಪ್ಪೆ, ಸಾಗರ, ಶಿವಮೊಗ್ಗದ ರಸ್ತೆ ಹೊನ್ನಾವರದಿಂದಲೇ ಶುರುವಾಗುತ್ತದೆ.

ಮಳೆ ಅಂದೆನಲ್ಲ. ವರ್ಷಕ್ಕೆ 3000 ಮಿ.ಮೀ. ಮೇಲೆ ಬೀಳುತ್ತದೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಕರೆಂಟು ಹೋಗುತ್ತದೆ. ಬೆಲ್ಟು, ಚಪ್ಪಲಿ, ಮದುವೆ ಆಲ್ಬಮ್ಮು ಎಲ್ಲಕ್ಕೂ ಬೂಸು ಹಿಡಿಯುತ್ತದೆ. ಫ್ರಿಜ್ಜಿನ ಕಾಲು ತುಕ್ಕು ತಿನ್ನುತ್ತದೆ. ಮೀನು ತಿನ್ನುವವರಾದರೆ ಇನ್ನೊಂದು: ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿ ಕಡಲಿಗಿಳಿಯುವ ಹಾಗಿಲ್ಲ. ಆಗ ಹೊಳೆಮೀನು, ಒಣಮೀನು. ನಮ್ಮ ಪಕ್ಕದ ಮನೆಯವರು ಬೆಂಗಳೂರಿನಿಂದಲೇ ಬಂದವರು, ಎರಡನೇ ವರ್ಷದ ಜುಲೈಗೆ ವಾಪಸ್ ಹೋದರು. ಅವರು ಬಂದದ್ದು ಡಿಸೆಂಬರಿನಲ್ಲಿ ಊರು ನೋಡಿ.

ಅದಕ್ಕೇ ಈಗಲೇ ಕೊಳ್ಳಬೇಡಿ. ಸಮುದ್ರದ ಹತ್ತಿರ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮದ ತಾಪತ್ರಯ ಬೇರೆ ಇದೆ, ಮನೆ ಕಟ್ಟುವುದು ಸುಲಭವಲ್ಲ. 11 ತಿಂಗಳ ಕರಾರಿನ ಮೇಲೆ ಬಾಡಿಗೆ ಹಿಡಿಯಿರಿ. ಮನೆ ನೋಡಲು ಮೇ ಮೊದಲ ವಾರದಲ್ಲಿ ಬನ್ನಿ. ಬಾವಿಯಿಂದ ನೀರು ಸೇದಿಸಿ ಕುಡಿಯಿರಿ, ಆಗುವುದಾದರೆ ಆ ನೀರಿನಲ್ಲೇ ಒಂದು ಲೋಟ ಚಹಾ ಮಾಡಿಸಿಕೊಳ್ಳಿ.

ಬರುವಾಗ ಕುಮಟಾ ಹತ್ತಿರ ಅಳ್ವೆಕೋಡಿಯಲ್ಲಿ ಗಾಡಿ ನಿಲ್ಲಿಸಿ. ಹೆದ್ದಾರಿ ಬದಿಯಲ್ಲಿ ಈರುಳ್ಳಿ ಗೊಂಚಲು ಕಟ್ಟಿ ತೂಗುಹಾಕಿರುತ್ತಾರೆ. ಸಣ್ಣದು, ಕೆಂಪು, ಹಸಿದೇ ತಿನ್ನುವಷ್ಟು ಸಿಹಿ. ಅಡುಗೆಮನೆಯ ಜಂತಿಗೆ ನೇತುಹಾಕಿದರೆ ಮಳೆಗಾಲವಿಡೀ ಬರುತ್ತದೆ. ಎರಡು ಗೊಂಚಲು ತಗೊಳ್ಳಿ. ಒಂದು ನಮ್ಮ ಮನೆಗೆ, ನೀವು ಬಂದಾಗ ದುಡ್ಡು ಕೊಡುತ್ತೇನೆ.