ಪ್ರತಿಕ್ರಿಯೆ: ಅಟ್ಟದಲ್ಲಿದ್ದ 1983ರ ಸ್ಪೋರ್ಟ್‌ಸ್ಟಾರ್ ಕ್ರೀಡಾ ಪತ್ರಿಕೆಯ ಪುಟಗಳು ಅಂಟಿಕೊಂಡಿವೆ, ಬಿಡಿಸುವುದು ಹೇಗೆ?

ಇದು ಬಹುಶಃ ಕಾಗದದ್ದೇ ಕಿತಾಪತಿ. ಹೊಳಪಿನ ಕಾಗದದ ಮೇಲೆ ಜೇಡಿಮಣ್ಣಿನ ತೆಳು ಲೇಪ ಇರುತ್ತದೆ. ಮಳೆಗಾಲದ ಪಸೆಗೆ ಅದು ಮೆತ್ತಗಾಗಿ, ಮೇಲಿನ ಭಾರಕ್ಕೆ ಎದುರು ಪುಟಕ್ಕೆ ಮೆತ್ತಿಕೊಂಡು ಹಾಗೇ ಒಣಗುತ್ತದೆ. ನಡುಪುಟದ ಪೋಸ್ಟರ್ ಹತ್ತಿರವೇ ಜಾಸ್ತಿ ಅಂಟಿದೆ ಅಂದಿರಲ್ಲ, ಹೊಳಪು ಇರುವ ಕಡೆ ಹಾಗೇ ಆಗುವುದು.

ಮೊದಲು ಮುಗ್ಗಲು ವಾಸನೆಯ ಸಂಚಿಕೆಗಳನ್ನು ಬೇರೆ ಇಡಿ. ಬಿಸಿಲಿಗೆ ಹಾಕಬೇಡಿ, ಬಣ್ಣ ಹೋಗುತ್ತದೆ. ಫ್ಯಾನ್ ಗಾಳಿ ಆಡುವ ಕೋಣೆಯಲ್ಲಿ ಕೆಲವು ದಿನ ಬಿಡಿ. ಬೂಷ್ಟು ಪೂರ್ತಿ ಒಣಗಿದ ಮೇಲೆ ಮಾಸ್ಕ್ ಹಾಕಿಕೊಂಡು, ಹೊರಗೆ ಕೂತು ಮೆತ್ತನೆ ಬ್ರಷ್‌ನಿಂದ ಕೊಡವಿ.

ಆಮೇಲೆ ತುಕ್ಕು ಹಿಡಿದ ಪಿನ್. ನಡುಪುಟ ತೆರೆಯುವಂತಿದ್ದರೆ ಅದರ ಕಾಲುಗಳನ್ನು ಮೊಂಡು ಚಾಕುವಿನಿಂದ ಎತ್ತಿ ನೇರ ಮಾಡಿ, ಹಿಂದಿನಿಂದ ಎಳೆಯಿರಿ. ಕಂದು ಕಲೆ ಉಳಿಯುತ್ತದೆ, ಅದನ್ನು ಉಜ್ಜಲು ಹೋಗಬೇಡಿ.

ಈಗ ಪುಟ. ಹಳೇ ಎಕ್ಸ್‌ರೇ ಫಿಲ್ಮಿನ ತುಂಡೊಂದನ್ನು ಸಡಿಲ ಇರುವ ಮೂಲೆಯಿಂದ ಮಲಗಿಸಿ ತೂರಿಸಿ, ಅಕ್ಕಪಕ್ಕ ಆಡಿಸುತ್ತಾ ಒಳಗೆ ಹೋಗಿ. ಕಪಿಲ್ ದೇವ್ ಮುಖದ ಬಣ್ಣ ಈರುಳ್ಳಿ ಸಿಪ್ಪೆಯ ಹಾಗೆ ಎದ್ದಿತೋ, ಅಲ್ಲೇ ನಿಲ್ಲಿಸಿ. ಆವಿ ಹಿಡಿದರೆ ಬಿಡುತ್ತದೆ ಅಂತ ಹೇಳುವವರಿದ್ದಾರೆ. ಈ ಕಾಗದಕ್ಕೆ ಅದು ಇನ್ನಷ್ಟು ಅಂಟಿಸಬಹುದು, ಸುಮ್ನೆ ರಿಸ್ಕ್. ಇಡೀ ಪುಟ ಹಲಗೆಯ ಹಾಗೆ ಗಟ್ಟಿಯಾಗಿದ್ದರೆ ಮನೆಯಲ್ಲಿ ಬಿಡಿಸುವುದು ಕಷ್ಟವೇ.

ಬಿಡಿಸಿದ್ದನ್ನು ಮತ್ತೆ ಅಟ್ಟಕ್ಕೆ ಹಾಕಬೇಡಿ. ಬೀರುವಿನಲ್ಲಿ ಮಲಗಿಸಿ, ಹತ್ತಕ್ಕಿಂತ ಜಾಸ್ತಿ ಪೇರಿಸದೆ, ಹೊಳಪಿನ ಪುಟಗಳ ನಡುವೆ ಬಟರ್ ಪೇಪರ್ ಇಡಿ. ಪಿವಿಸಿ ಕವರ್ ಬೇಡ. ಮೊದಲು ಪೋಸ್ಟರ್ ಇಲ್ಲದ, ಹರಿದರೂ ಬೇಸರವಾಗದ ಒಂದು ಸಂಚಿಕೆಯಲ್ಲಿ ಕೈ ಪಳಗಿಸಿಕೊಳ್ಳಿ.