ಬಿಟ್ಟಿ ದುಡಿಸಿಕೊಂಡರೆ ಶಿಸ್ತು ಬರುತ್ತದೆಯೇ?

ದಾವಣಗೆರೆಯ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: "ಯುವನಿಧಿ ಎಂದು ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ ಸುಮ್ಮನೆ ಹಾಕುವ ಬದಲು ವಾರಕ್ಕೆ 30 ಗಂಟೆ ಎಲ್ಲಾದರೂ ದುಡಿಸಬಾರದೇ? ಇಂಗ್ಲೆಂಡಿನಲ್ಲಿ ಹಾಗೆ ಮಾಡಿದ್ದರಂತೆ. ಶಿಸ್ತೂ ಬರುತ್ತದೆ, ಅನುಭವವೂ ಆಗುತ್ತದೆ."

ಮೇಷ್ಟ್ರೇ, ಓದು ಮುಗಿಸಿದ ಹುಡುಗರು ಎರಡು ವರ್ಷ ಮನೆಯಲ್ಲೇ ಕೂತರೆ ಅವರ ಧೈರ್ಯ ಕುಗ್ಗುತ್ತದೆ ಎಂಬ ನಿಮ್ಮ ಕಳವಳ ನ್ಯಾಯವಾದದ್ದೇ. ಆದರೆ ಇಂಗ್ಲೆಂಡಿನ ಮಾತೆತ್ತಿದ್ದೀರಿ. ಎತ್ತಿದ ಮೇಲೆ ಅದನ್ನು ಕೊನೆಯವರೆಗೂ ಓದಬೇಕು. ನೀವು ಮಕ್ಕಳಿಗೆ ಹೇಳಿಕೊಟ್ಟದ್ದೂ ಅದನ್ನೇ ಅಲ್ಲವೇ?

ಅಲ್ಲಿ 2011ರಲ್ಲಿ 'ಮ್ಯಾಂಡೇಟರಿ ವರ್ಕ್ ಆಕ್ಟಿವಿಟಿ' ಎಂಬ ಯೋಜನೆ ಶುರುವಾಯಿತು. ನಿರುದ್ಯೋಗ ಭತ್ಯೆ ಪಡೆಯುವವರು ನಾಲ್ಕು ವಾರ, ವಾರಕ್ಕೆ 30 ಗಂಟೆಯವರೆಗೆ ಸಂಬಳವಿಲ್ಲದೆ ದುಡಿಯಬೇಕು. 2014ರಲ್ಲಿ ಬಂದ 'ಕಮ್ಯುನಿಟಿ ವರ್ಕ್ ಪ್ಲೇಸ್‌ಮೆಂಟ್'ನಲ್ಲಿ ಆ ನಾಲ್ಕು ವಾರ 26 ಆಯಿತು. 2012ರಲ್ಲಿ 25 ದಾಟಿದವರಿಗೆ ಸಿಗುತ್ತಿದ್ದ ಭತ್ಯೆ ವಾರಕ್ಕೆ 71 ಪೌಂಡ್. 30ರಿಂದ ಭಾಗಿಸಿ ನೋಡಿ: ಗಂಟೆಗೆ 2 ಪೌಂಡ್ 40 ಪೆನ್ಸ್ ಕೂಡ ಬೀಳುವುದಿಲ್ಲ. ಆಗ ಅಲ್ಲಿನ ಕನಿಷ್ಠ ಕೂಲಿ 6 ಪೌಂಡ್ 8 ಪೆನ್ಸ್. ಹೋಗದಿದ್ದರೆ ಭತ್ಯೆಗೆ ಕತ್ತರಿ. ಆ ವರ್ಷದ ಅಕ್ಟೋಬರ್‌ನಿಂದ ಮೊದಲ ತಪ್ಪಿಗೆ 13 ವಾರ, ಎರಡನೆಯದಕ್ಕೆ 26, ಮೂರನೆಯದಕ್ಕೆ ಮೂರು ವರ್ಷ ಎಂದಾಯಿತು.

ಫಲವೇನು? ಮೊದಲನೆಯ ಯೋಜನೆಯಿಂದ ಕೆಲಸ ಸಿಗುವ ಸಾಧ್ಯತೆ ಹೆಚ್ಚಲಿಲ್ಲ ಎಂದು ಸರ್ಕಾರದ್ದೇ ಇಲಾಖೆಯ ಅಧ್ಯಯನ 2012ರ ಜೂನ್‌ನಲ್ಲಿ ಹೇಳಿತು. ಅದನ್ನು ಓದಿಯೂ ಸರ್ಕಾರ ಯೋಜನೆಯನ್ನು ವಿಸ್ತರಿಸಿತು!

ಇದನ್ನು ಎದುರಿಸಿದವರು ದೊಡ್ಡ ಪಕ್ಷಗಳ ನಾಯಕರಲ್ಲ. 'ಬಾಯ್ಕಾಟ್ ವರ್ಕ್‌ಫೇರ್'ನಂಥ ಸಣ್ಣ ಗುಂಪುಗಳು (ವರ್ಕ್‌ಫೇರ್ ಎಂದರೆ ಭತ್ಯೆಗಾಗಿ ಬಿಟ್ಟಿ ದುಡಿಸುವುದು), ಅದರಲ್ಲಿ ಭತ್ಯೆ ಪಡೆಯುವವರೇ ಅನೇಕರು. ಅವರ ಲೆಕ್ಕಾಚಾರವನ್ನು ಮೆಚ್ಚಲೇಬೇಕು. ಮಂತ್ರಿಗೆ ಮನವಿ ಕೊಟ್ಟರೆ ಅದು ಕಡತ ಸೇರುತ್ತದೆ. ಆದರೆ ಬಿಟ್ಟಿ ಆಳನ್ನು ಇಟ್ಟುಕೊಳ್ಳಲು ಒಂದು ಅಂಗಡಿಯೋ ಸಂಸ್ಥೆಯೋ ಬೇಕೇ ಬೇಕು, ಅವಕ್ಕೆ ತಮ್ಮ ಹೆಸರಿನ ಚಿಂತೆ. ಆದ್ದರಿಂದ ಮೊದಲು, ದುಡಿದು ಬಂದವರಿಂದಲೇ ಎಲ್ಲಿ ಕಳಿಸಿದರು ಎಂದು ಕೇಳಿ ಪಟ್ಟಿ ಮಾಡಿದರು. ಆಮೇಲೆ ಆ ಅಂಗಡಿಯ ಮುಂದೆ ಕರಪತ್ರ, ಅದರ ಫೇಸ್‌ಬುಕ್ ಪುಟದಲ್ಲಿ ಪ್ರಶ್ನೆ, ಮುಖ್ಯ ಕಚೇರಿಗೆ ಫೋನಿನ ಮೇಲೆ ಫೋನು. ಅಲ್ಲಿನ ಸಿಬ್ಬಂದಿಗೂ ತಿಳಿಸಿದರು: ಬಿಟ್ಟಿ ಆಳು ಬಂದರೆ ಮೊದಲು ಕಡಿತವಾಗುವುದು ನಿಮ್ಮ ಓವರ್‌ಟೈಮ್.

2012ರ ಫೆಬ್ರವರಿಯಲ್ಲಿ ಅಲ್ಲಿನ ದೊಡ್ಡ ಸೂಪರ್‌ಮಾರ್ಕೆಟ್ ಕಂಪನಿ ಟೆಸ್ಕೊದ ರಾತ್ರಿ ಪಾಳಿ ಕೆಲಸದ ಜಾಹೀರಾತೊಂದು ಎಲ್ಲರ ಕಣ್ಣಿಗೆ ಬಿತ್ತು. ಸಂಬಳದ ಜಾಗದಲ್ಲಿ 'ಭತ್ಯೆ ಮತ್ತು ಖರ್ಚು' ಎಂದಿತ್ತು. ಜಾಹೀರಾತಿನಲ್ಲಿ ತಪ್ಪಾಗಿದೆ ಎಂದು ಕಂಪನಿ ಸಮಜಾಯಿಷಿ ಕೊಟ್ಟರೂ ಜನ ಬಿಡಲಿಲ್ಲ. ವೆಸ್ಟ್‌ಮಿನ್‌ಸ್ಟರ್‌ನ ಅಂಗಡಿಯಲ್ಲೇ ಪ್ರತಿಭಟನೆ ನಡೆಯಿತು. ಬೇಕಾದವರಿಗೆ ಸಂಬಳ ಕೊಟ್ಟೇ ತರಬೇತಿ ಕೊಡುತ್ತೇವೆ ಎಂದು ಟೆಸ್ಕೊ ಹೇಳಬೇಕಾಯಿತು. ಪುಸ್ತಕದಂಗಡಿ ವಾಟರ್‌ಸ್ಟೋನ್ಸ್, ಇನ್ನೊಂದು ಸೂಪರ್‌ಮಾರ್ಕೆಟ್ ಸೇನ್ಸ್‌ಬರೀಸ್ ಹೊರನಡೆದವು. ಅದೇ ತಿಂಗಳ ಕೊನೆಗೆ, ಯುವ ನಿರುದ್ಯೋಗಿಗಳಿಗೆಂದು ಇದ್ದ 'ವರ್ಕ್ ಎಕ್ಸ್‌ಪೀರಿಯನ್ಸ್' ಎಂಬ ಇನ್ನೊಂದು ಯೋಜನೆಯನ್ನು ನಡುವೆ ಬಿಟ್ಟರೂ ಭತ್ಯೆ ಕಡಿಯುವುದಿಲ್ಲ ಎಂದು ಸರ್ಕಾರ ಒಪ್ಪಿತು.

ಕೇಟ್ ರೈಲಿ ಪ್ರಕರಣವನ್ನಂತೂ ನೀವು ಓದಲೇಬೇಕು. ಭೂವಿಜ್ಞಾನ ಓದಿದ ಈಕೆ ಬರ್ಮಿಂಗ್‌ಹ್ಯಾಮ್‌ನ ವಸ್ತುಸಂಗ್ರಹಾಲಯದಲ್ಲಿ ತಾನಾಗಿಯೇ ಸೇವೆ ಮಾಡುತ್ತಿದ್ದಳು. ಅದನ್ನು ಬಿಡಿಸಿ ಪೌಂಡ್‌ಲ್ಯಾಂಡ್ ಅಂಗಡಿಯಲ್ಲಿ ಕಪಾಟು ಜೋಡಿಸಲು, ನೆಲ ಗುಡಿಸಲು ಕಳಿಸಿದರು. ಶಿಸ್ತಿಲ್ಲದ ಹುಡುಗಿಯೇ ಇವಳು, ಮೇಷ್ಟ್ರೇ? ಇದು ಬಲವಂತದ ದುಡಿಮೆ ಎಂಬ ವಾದವನ್ನು ನ್ಯಾಯಾಲಯ ಒಪ್ಪಲಿಲ್ಲ, ನಿಜ. ಆದರೆ ಆಕೆಯನ್ನು ಕಳಿಸಿದ ಯೋಜನೆಯ ನಿಯಮಗಳೇ ಕಾನೂನಿಗೆ ಹೊರತು ಎಂದು 2013ರ ಫೆಬ್ರವರಿಯಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ನಡುವೆ ಸರ್ಕಾರ ಏನು ಮಾಡಿತು ಗೊತ್ತೇ? ಕಡಿದ ಭತ್ಯೆಯನ್ನು ಹಿಂದಿರುಗಿಸಬೇಕಾದೀತೆಂದು ಮಾರ್ಚ್‌ನಲ್ಲಿ ಪೂರ್ವಾನ್ವಯವಾಗುವ ಕಾಯ್ದೆಯನ್ನೇ ತಂದಿತು. ಶಿಸ್ತಿನ ಪಾಠ ಯಾರಿಗೆ ಬೇಕಿತ್ತು?

ಎಲ್ಲೆಲ್ಲಿ ಜನರನ್ನು ದುಡಿಸುತ್ತಿದ್ದೀರಿ, ಹೆಸರು ಕೊಡಿ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿದರೆ ಇಲಾಖೆ ವರ್ಷಗಟ್ಟಲೆ ಕೊಡಲಿಲ್ಲ. ಹೆಸರು ಹೊರಬಿದ್ದರೆ ಸಂಸ್ಥೆಗಳು ಹಿಂದೆ ಸರಿಯುತ್ತವೆ, ಯೋಜನೆ ಕುಸಿಯುತ್ತದೆ ಎಂಬುದೇ ಅದರ ವಾದ. ಬೆಳಕಿಗೆ ಹಿಡಿದರೆ ಉಳಿಯದ ಯೋಜನೆ ಎಂದು ತಾನೇ ಒಪ್ಪಿಕೊಂಡಂತೆ! 2016ರಲ್ಲಿ ನ್ಯಾಯಾಲಯದಲ್ಲಿ ಸೋತ ಮೇಲೆ ಹೆಸರು ಬಂತು. ಅಷ್ಟರಲ್ಲಿ ಎರಡೂ ಕಡ್ಡಾಯ ಯೋಜನೆಗಳನ್ನು ಮುಂದುವರಿಸುವುದಿಲ್ಲವೆಂದು 2015ರಲ್ಲೇ ತೀರ್ಮಾನವಾಗಿತ್ತು. ಸ್ವಯಂಸೇವೆ ಎಂದರೆ ಮನಸ್ಸಿನಿಂದ ಮಾಡುವುದು ಎಂದು ನೂರಾರು ಸೇವಾಸಂಸ್ಥೆಗಳು ಸಹಿ ಹಾಕಿದ್ದೂ ಆ ದಿನಗಳಲ್ಲೇ.

ನಮ್ಮಲ್ಲಿ ಇದಕ್ಕೆ ಸಂವಿಧಾನದ 23ನೇ ವಿಧಿಯೇ ಅಡ್ಡ ನಿಂತಿದೆ. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದು ಬಲವಂತದ ದುಡಿಮೆ ಎಂದು ದೆಹಲಿಯ ಏಷ್ಯಾಡ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿತು. ಮರುವರ್ಷ ರಾಜಸ್ಥಾನದ ಬರ ಪರಿಹಾರ ಕಾಮಗಾರಿಗೂ ಅದೇ ಮಾತು ಅನ್ವಯಿಸಿತು: ನೆರವು ಕೊಡುತ್ತಿದ್ದೇವೆ ಎಂದು ಕೂಲಿ ಕಡಿಯುವಂತಿಲ್ಲ. ಆದರೂ ಆಶಾ ಕಾರ್ಯಕರ್ತೆಯರನ್ನು ಇಂದಿಗೂ 'ಸ್ವಯಂಸೇವಕಿ' ಎನ್ನುತ್ತೇವೆ, ಸಂಬಳವನ್ನು 'ಗೌರವಧನ' ಎನ್ನುತ್ತೇವೆ. ಅವರು ಚಳಿಯಲ್ಲಿ ಫ್ರೀಡಂ ಪಾರ್ಕ್‌ನಲ್ಲಿ ಮಲಗಿ ಕೇಳಬೇಕು. ಶಿಸ್ತು, ಸೇವೆ ಎಂಬ ಮಾತು ಬಡವರ ವಿಷಯಕ್ಕೇ ಯಾಕೆ ನೆನಪಾಗುತ್ತದೆ? ತೆರಿಗೆ ವಿನಾಯಿತಿ ಪಡೆದ ಉದ್ಯಮಿಗೆ ವಾರಕ್ಕೆ 30 ಗಂಟೆ ಊರಿನ ಚರಂಡಿ ತೆಗೆಯಿರಿ ಎಂದು ಯಾವ ಪತ್ರವೂ ನಮ್ಮ ಕಚೇರಿಗೆ ಬಂದಿಲ್ಲ.

ನಿಮ್ಮ ಶಿಷ್ಯರನ್ನು ಯಾರಾದರೂ ಯುವನಿಧಿಯ ನೆಪದಲ್ಲಿ ಬಿಟ್ಟಿ ಕೆಲಸಕ್ಕೆ ಕರೆದರೆ ಹೀಗೆ ಮಾಡಲು ಹೇಳಿ. ಬಾಯಿಮಾತಿಗೆ ಹೋಗದೆ, ಯಾವ ಆದೇಶ, ಎಷ್ಟು ಗಂಟೆ, ಪೆಟ್ಟಾದರೆ ಹೊಣೆ ಯಾರು ಎಂದು ಬರಹದಲ್ಲಿ ಕೇಳಲಿ. ಬರಹದಲ್ಲಿ ಕೊಡದಿದ್ದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಲಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಎರಡು ವಿಷಯ ಸೇರಿಸಿದರೆ ಮೊದಲನೆಯದಕ್ಕಷ್ಟೇ ಉತ್ತರ ಕೊಟ್ಟು, ಉಳಿದದ್ದಕ್ಕೆ ಬೇರೆ ಅರ್ಜಿ ಹಾಕಿ ಎನ್ನಬಹುದು. 30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಅರ್ಜಿ ಬರೆಯಲು ನಿಮ್ಮಂಥ ಮೇಷ್ಟ್ರು ಜೊತೆಗೆ ಕೂತರೆ ಇನ್ನೂ ಒಳ್ಳೆಯದು.

- ಸಂ.